ಊರಿನ ಹೆಸರಿಲ್ಲದ ಮೊಹರು: ಯುದ್ಧಕಾಲದ ಸೆನ್ಸರ್ ಕವರ್ ಓದುವುದು ಹೇಗೆ?

ಹೋದ ಮಳೆಗಾಲದಲ್ಲಿ ಮಡಿಕೇರಿಯ ಗೆಳೆಯರೊಬ್ಬರು ಒಂದು ಹಳೇ ಲಕೋಟೆ ತಂದು ನನ್ನ ಮೇಜಿನ ಮೇಲಿಟ್ಟರು. ಅವರ ಅಜ್ಜ ಸೇನೆಯಲ್ಲಿದ್ದಾಗ ಮನೆಗೆ ಬರೆದದ್ದು. ಒಳಗಿನ ಕಾಗದ ಎಂದೋ ಕಳೆದುಹೋಗಿದೆ. ಕವರ್ ಮಾತ್ರ ಟ್ರಂಕಿನ ತಳದಲ್ಲಿ ಉಳಿದಿತ್ತು. ಮೇಲ್ಗಡೆ ಇಂಗ್ಲಿಷಿನಲ್ಲಿ ‘ಆನ್ ಆಕ್ಟಿವ್ ಸರ್ವಿಸ್’, ಅಂದರೆ ಯುದ್ಧಸೇವೆಯಲ್ಲಿ, ಎಂಬ ಕೈಬರಹ. ಬಲಗಡೆ ದುಂಡನೆಯ ಮೊಹರು. ಅದರಲ್ಲಿ ‘ಎಫ್.ಪಿ.ಒ.’ ಎಂಬ ಮೂರು ಅಕ್ಷರ, ಒಂದು ನಂಬರು, 1944ರ ಮಾರ್ಚ್ ತಿಂಗಳ ತಾರೀಖು. ಊರಿನ ಹೆಸರು ಎಲ್ಲೂ ಇಲ್ಲ. ಎಡಗಡೆ ಕೆಳಮೂಲೆಯಲ್ಲಿ ಒಂದು ಸಹಿ, ಅದರ ಪಕ್ಕ ನೇರಳೆ ಬಣ್ಣದ ಮಸುಕು ರಬ್ಬರ್ ಸ್ಟಾಂಪು.

“ಅಜ್ಜ ಬರ್ಮಾದಲ್ಲಿದ್ದರು ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ. ಇದು ಅಲ್ಲಿಂದಲೇ ಬಂದಿದ್ದಾ? ಗೊತ್ತು ಮಾಡೋಕಾಗುತ್ತಾ?” ಅಂತ ಕೇಳಿದರು.

ಬಹಳ ಸಲ ಆಗುತ್ತೆ. ಯುದ್ಧಕಾಲದ ಕವರಿನಲ್ಲಿ ಸರ್ಕಾರ ಒಂದು ಸಂಗತಿಯನ್ನು ಮುಚ್ಚಿಡಲು ಎಷ್ಟು ಗುರುತು ಒತ್ತುತ್ತಿತ್ತೋ, ಆ ಗುರುತುಗಳೇ ಇವತ್ತು ನಮಗೆ ಅದನ್ನು ಹೇಳುತ್ತವೆ. ಅವನ್ನು ಓದುವ ಕ್ರಮ ತಿಳಿದಿರಬೇಕು, ಅಷ್ಟೇ. ಇಂಥ ಕವರ್ ನಿಮ್ಮ ಮನೆಯಲ್ಲೂ ಇರಬಹುದು, ಹಳೇ ಪುಸ್ತಕದಂಗಡಿಯ ರದ್ದಿಯಲ್ಲೂ ಸಿಗಬಹುದು. ಸಿಕ್ಕಾಗ ಏನು ಮಾಡಬೇಕು ಅನ್ನುವುದನ್ನು ಒಂದೊಂದೇ ಹಂತವಾಗಿ ಹೇಳುತ್ತೇನೆ.

ಮೊದಲು, ಊರಿನ ಹೆಸರು ಯಾಕಿಲ್ಲ?

ಅಂಚೆ ಮೊಹರಿಗೆ ಮೂರು ಕೆಲಸ. ಸ್ಟಾಂಪನ್ನು ಇನ್ನೊಮ್ಮೆ ಬಳಸದ ಹಾಗೆ ಮಾಡಬೇಕು, ಕಾಗದ ಎಲ್ಲಿ ಡಬ್ಬಿಗೆ ಬಿತ್ತು ಅಂತ ಹೇಳಬೇಕು, ಯಾವತ್ತು ಬಿತ್ತು ಅಂತ ಹೇಳಬೇಕು. ಯುದ್ಧದಲ್ಲಿ ಈ ಎರಡನೆಯದೇ ಅಪಾಯ. ಸೈನಿಕ ಕಾಗದದಲ್ಲಿ ಬರೀ ಕ್ಷೇಮ ಸಮಾಚಾರ ಬರೆದರೂ, ಅವನ ಪಡೆ ಎಲ್ಲಿ ಬೀಡುಬಿಟ್ಟಿದೆ ಅಂತ ಮೊಹರು ಸಾರಿಬಿಡುತ್ತೆ. ನಾಲ್ಕಾರು ಕವರ್ ಶತ್ರುವಿನ ಕೈಗೆ ಸಿಕ್ಕರೆ ಸಾಕು, ಇಡೀ ಪಡೆಯ ದಾರಿಯನ್ನು ನಕ್ಷೆಯ ಮೇಲೆ ಎಳೆಯಬಹುದು.

ಅದಕ್ಕೇ ಬೇರೆ ಬೇರೆ ದೇಶಗಳು ಬೇರೆ ಬೇರೆ ಉಪಾಯ ಹುಡುಕಿದವು. 1914ರಲ್ಲಿ ರಷ್ಯಾದ ಪಶ್ಚಿಮ ಭಾಗದ ಅಂಚೆ ಕಚೇರಿಗಳು ಊರಿನ ಹೆಸರಿದ್ದ ಮೊಹರನ್ನು ಬದಿಗಿಟ್ಟು, ಬರೀ ವೃತ್ತ, ಅಡ್ಡಗೆರೆ, ಚೌಕಗಳಿರುವ ಮೊಹರು ಒತ್ತತೊಡಗಿದವು. ಮಾದರಿ ಒಂದೇ ಇರಲಿಲ್ಲ. ಒಂದು ಊರಿನಲ್ಲಿ ಮರದ ತುಂಡಿನಿಂದ ಕೆತ್ತಿದರೆ ಇನ್ನೊಂದರಲ್ಲಿ ಬಿರಡೆ, ಮತ್ತೊಂದರಲ್ಲಿ ರಬ್ಬರು. ಸಂಗ್ರಾಹಕರು ಇವನ್ನು ‘ಮೂಕ ಮೊಹರು’ ಅನ್ನುತ್ತಾರೆ. ನನಗೆ ಈ ಹೆಸರು ತುಂಬಾ ಇಷ್ಟ. ಎರಡನೇ ಮಹಾಯುದ್ಧಕ್ಕೆ ಮುಂಚೆ ಅಮೆರಿಕದ ನೌಕಾಪಡೆಯ ಹಡಗುಗಳ ಮೊಹರಿನಲ್ಲಿ ಹಡಗಿನ ಹೆಸರೇ ಇರುತ್ತಿತ್ತು. ಯುದ್ಧ ಬಂದ ಮೇಲೆ ಹೆಸರು ಹೋಗಿ ‘ಯು.ಎಸ್. ನೇವಿ’ ಅಂತ ಮಾತ್ರ ಉಳಿಯಿತು. ಬ್ರಿಟನ್ನಿನ ನೌಕಾಪಡೆಯ ಟಪಾಲಿನ ಮೇಲೆ ‘ಮ್ಯಾರಿಟೈಮ್ ಮೇಲ್’ ಅನ್ನುವ ಮೊಹರು ಬೀಳುತ್ತಿತ್ತು. ಜರ್ಮನಿಯ ಸೈನಿಕರಿಗೆ ಐದು ಅಂಕಿಗಳ ಅಂಚೆ ನಂಬರೇ ವಿಳಾಸ.

ಭಾರತದ ಸೇನೆಯ ದಾರಿ ಫೀಲ್ಡ್ ಪೋಸ್ಟ್ ಆಫೀಸಿನದು (ಎಫ್.ಪಿ.ಒ.), ಅಂದರೆ ಪಡೆಯ ಜತೆಗೇ ಓಡಾಡುವ ಅಂಚೆ ಕಚೇರಿ. ಊರಿನ ಬದಲು ಅದಕ್ಕೊಂದು ನಂಬರು. ಸೈನ್ಯದಲ್ಲಿ ಮಕ್ಕಳಿರುವ ಮನೆಗಳಿಗೆ ಇದು ಹೊಸದೇನಲ್ಲ. ಕೊಡಗಿನಲ್ಲೋ ಬೆಳಗಾವಿಯ ಹಳ್ಳಿಗಳಲ್ಲೋ ಕೇಳಿ ನೋಡಿ, ‘ಕೇರ್ ಆಫ್ 56 ಎ.ಪಿ.ಒ.’ ಇಲ್ಲವೇ ‘99 ಎ.ಪಿ.ಒ.’ (ಆರ್ಮಿ ಪೋಸ್ಟ್ ಆಫೀಸ್) ಎಂಬ ವಿಳಾಸ ಬಾಯಿಗೇ ಬರುತ್ತೆ. ಮಗ ಲಡಾಖಿನಲ್ಲಿರಲಿ ಜೋಧಪುರದಲ್ಲಿರಲಿ, ಕವರಿನ ಮೇಲೆ ಅದೇ 56.

ಹಂತ 1: ನೀರಿನ ಬಟ್ಟಲನ್ನು ದೂರ ಇಡಿ

ನಮ್ಮಲ್ಲಿ ಬಹಳ ಜನ ಚಿಕ್ಕಂದಿನಲ್ಲಿ ಸ್ಟಾಂಪ್ ಕೂಡಿಸಲು ಕಲಿತದ್ದು ಒಂದೇ ರೀತಿ. ಕವರಿನ ಮೂಲೆ ಕತ್ತರಿಸು, ನೀರಲ್ಲಿ ನೆನೆಹಾಕು, ಸ್ಟಾಂಪು ಬಿಡಿಸಿ ಪುಸ್ತಕದ ನಡುವೆ ಒಣಗಿಸು. ನಾನೂ ಹಾಗೇ ಮಾಡಿದವನು. ಹೈಸ್ಕೂಲಿನಲ್ಲಿದ್ದಾಗ ನೆರೆಮನೆಯವರು ಕೊಟ್ಟ ಒಂದು ಕಟ್ಟು ಕವರುಗಳಿಂದ ಐದನೇ ಜಾರ್ಜ್ ಮತ್ತು ಆರನೇ ಜಾರ್ಜ್ ದೊರೆಗಳ ಸ್ಟಾಂಪುಗಳನ್ನೆಲ್ಲ ಬಿಡಿಸಿ, ಉಳಿದದ್ದನ್ನು ಬಚ್ಚಲ ಒಲೆಗೆ ಹಾಕಿದೆ. ಎಡಬದಿಗೆ ಅಂಟಿಸಿದ್ದ ಉದ್ದನೆಯ ಬಿಳಿ ಚೀಟಿಗಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ಆ ಸ್ಟಾಂಪುಗಳು ಯಾವ ಅಂಗಡಿಯಲ್ಲಾದರೂ ಕಡಿಮೆ ದುಡ್ಡಿಗೆ ಸಿಗುತ್ತವೆ. ಆ ಕವರುಗಳು ಮತ್ತೆ ಸಿಗುವುದಿಲ್ಲ.

ಆದ್ದರಿಂದ ಮೊದಲ ನಿಯಮ ಇದು: ಕವರನ್ನು ಇಡಿಯಾಗಿ ಇಟ್ಟುಕೊಳ್ಳಿ. ಸ್ಟಾಂಪು ಬಿಡಿಸಬೇಡಿ, ಚೀಟಿ ಕೀಳಬೇಡಿ, ಹರಿದ ಅಂಚಿಗೆ ಸೆಲ್ಲೋಟೇಪ್ ಹಾಕಬೇಡಿ. ಒಳಗೆ ಕಾಗದ ಇದ್ದರೆ ಅದು ಅದೇ ಕವರಿನ ಜತೆ ಇರಲಿ. ಕೈ ತೊಳೆದು ಚೆನ್ನಾಗಿ ಒಣಗಿಸಿಕೊಂಡು ಮುಟ್ಟಿ. ಒಂದು ಭೂತಗನ್ನಡಿ, ಒಂದು ಟಾರ್ಚು, ಒಂದು ಪೆನ್ಸಿಲ್ಲು, ಒಂದು ನೋಟ್ ಪುಸ್ತಕ ಜತೆಗಿದ್ದರೆ ಕೆಲಸ ಶುರು ಮಾಡಬಹುದು. ಎರಡೂ ಬದಿಯ ಫೋಟೊ ಮೊದಲೇ ತೆಗೆದುಕೊಳ್ಳಿ. ಆಮೇಲೆ ಫೋಟೊವನ್ನು ಹಿಗ್ಗಿಸಿ ನೋಡಿದರೆ ಸಾಕು, ಮೂಲವನ್ನು ಪದೇಪದೇ ಮುಟ್ಟಬೇಕಿಲ್ಲ.

ಹಂತ 2: ಗುರುತುಗಳನ್ನು ಬೇರೆ ಬೇರೆ ಮಾಡಿ

ಯುದ್ಧಕಾಲದ ಕವರ್ ನೋಡಿದ ಕೂಡಲೇ ಗಾಬರಿಯಾಗುತ್ತೆ. ಎಲ್ಲಿ ನೋಡಿದರೂ ಸೀಲು. ಆದರೆ ಒತ್ತಿದವರು ಯಾರು ಅಂತ ಕೇಳಿಕೊಂಡರೆ ಗೋಜಲು ಬಿಡಿಸಿಕೊಳ್ಳುತ್ತೆ. ಕೆಲವು ಅಂಚೆಯವರದು: ಹೊರಟ ಊರಿನ ಮೊಹರು, ದಾರಿಯ ಮೊಹರು, ತಲುಪಿದ ಊರಿನ ಮೊಹರು, ರಿಜಿಸ್ಟರ್ ಚೀಟಿ. ಕೆಲವು ಸೆನ್ಸರಿನವರದು, ಅಂದರೆ ಗುಟ್ಟು ಹೊರಗೆ ಹೋಗದ ಹಾಗೆ ಕಾಗದ ಒಡೆದು ಓದುತ್ತಿದ್ದವರದು: ತೆರೆದ ಬದಿಗೆ ಅಂಟಿಸಿದ ಉದ್ದನೆಯ ಚೀಟಿ, ‘ಪಾಸ್ಡ್ ಬೈ ಸೆನ್ಸರ್’ ಅನ್ನುವ ರಬ್ಬರ್ ಸ್ಟಾಂಪು, ಓದಿದವರ ನಂಬರು, ಕೆಲವೊಮ್ಮೆ ಬಣ್ಣದ ಪೆನ್ಸಿಲಿನ ಗೀಟು. ಇನ್ನು ಕೆಲವು ಬರೆದವರದೇ. ಕಾಗದ ಯಾವ ಭಾಷೆಯಲ್ಲಿದೆ ಅಂತ ಮೇಲೆಯೇ ಬರೆಯುವ ರೂಢಿ ಆಗ ಇತ್ತು. ಹಾಗೆ ಬರೆದರೆ ಆ ಭಾಷೆ ಬಲ್ಲ ಸೆನ್ಸರನ ಮೇಜಿಗೆ ನೇರವಾಗಿ ಹೋಗುತ್ತೆ, ತಡವಾಗುವುದಿಲ್ಲ ಅಂತ.

ಉದ್ದ ಚೀಟಿ ಕಂಡ ತಕ್ಷಣ ‘ಸೆನ್ಸರ್!’ ಅಂತ ಹಿಗ್ಗಬೇಡಿ. ಆಗ ಕಾಗದದ ಬರ. ಒಂದೇ ಲಕೋಟೆಯನ್ನು ಎರಡು ಮೂರು ಸಲ ಬಳಸಲು ಹಳೇ ವಿಳಾಸದ ಮೇಲೆ ಚೀಟಿ ಅಂಟಿಸುತ್ತಿದ್ದರು. ಹರಿದು ಬಂದ ಕವರನ್ನು ಅಂಚೆಯವರೇ ‘ಅಫಿಷಿಯಲಿ ಸೀಲ್ಡ್’ ಚೀಟಿಯಿಂದ ಮುಚ್ಚುತ್ತಿದ್ದರು. ಚೀಟಿಯ ಮೇಲೆ ಏನು ಅಚ್ಚಾಗಿದೆ ಅಂತ ಓದಿ, ಆಮೇಲೆ ತೀರ್ಮಾನಿಸಿ.

ಹಂತ 3: ಯಾವುದು ಮೊದಲು, ಯಾವುದು ಆಮೇಲೆ?

ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಿ.

ಸೆನ್ಸರ್ ಕಚೇರಿಯಲ್ಲಿ ಸಾಮಾನ್ಯವಾಗಿ ಕವರನ್ನು ಮೇಲಿನ ಮುಚ್ಚಳದ ಕಡೆಯಿಂದ ಬಿಚ್ಚುತ್ತಿರಲಿಲ್ಲ. ಎಡ ಅಥವಾ ಬಲ ಅಂಚನ್ನು ಸೀಳಿ, ಕಾಗದ ಹೊರಗೆಳೆದು ಓದಿ, ಮತ್ತೆ ಒಳಗಿಟ್ಟು, ಸೀಳಿದ ಅಂಚಿನ ಮೇಲೆ ಚೀಟಿಯನ್ನು ಮಡಚಿ ಅಂಟಿಸುತ್ತಿದ್ದರು. ಚೀಟಿಯ ಅರ್ಧ ಮುಂದೆ, ಅರ್ಧ ಹಿಂದೆ. ಅದರ ಮೇಲೊಂದು ಸೀಲು ಬಿದ್ದರೆ ಅದು ಅರ್ಧ ಚೀಟಿಯ ಮೇಲೆ, ಅರ್ಧ ಕವರಿನ ಮೇಲೆ ಬರುತ್ತಿತ್ತು. ಚೀಟಿ ಕಿತ್ತು ಬೇರೆಯವರು ಕೈ ಹಾಕಿದರೆ ಸೀಲಿನ ಎರಡು ತುಂಡು ಸರಿಯಾಗಿ ಕೂಡುವುದಿಲ್ಲ.

ಈಗ ಕವರನ್ನು ಟಾರ್ಚಿನ ಬೆಳಕಿಗೆ ಹಿಡಿಯಿರಿ. ಚೀಟಿಯ ಕೆಳಗೆ ಸೀಳಿದ ಗೆರೆ ಕಾಣುತ್ತಾ? ಕಾಣಲೇಬೇಕು. ಸೀಳದೇ ಇರುವ ಅಂಚಿಗೆ ಚೀಟಿ ಯಾಕೆ ಬೇಕು?

ಆಮೇಲೆ ಮೊಹರುಗಳು. ಕವರ್ ಮೊದಲು ಅಂಚೆ ಕಚೇರಿಗೆ ಹೋಯಿತು, ಅಲ್ಲಿಂದ ಸೆನ್ಸರಿನವರಿಗೆ. ಹಾಗಾಗಿ ಹೊರಟ ಊರಿನ ಮೊಹರು ಚೀಟಿಯ ಕಡೆಗೆ ಚಾಚಿಕೊಂಡಿದ್ದರೆ ಅದು ಚೀಟಿಯ ಕೆಳಗೆ ನುಸುಳಿರಬೇಕು. ತಲುಪಿದ ಊರಿನ ಮೊಹರು ಕೊನೆಯಲ್ಲಿ ಬಿದ್ದದ್ದು. ಅದು ಚೀಟಿಯನ್ನು ಮುಟ್ಟಿದ್ದರೆ ಅದರ ಮೇಲೆಯೇ ಇರಬೇಕು. ಎರಡು ದೇಶದ ಸೆನ್ಸರ್ ಚೀಟಿಗಳಿದ್ದರೆ ಒಂದರ ಅಂಚು ಇನ್ನೊಂದರ ಮೇಲೆ ಕೂತಿರುತ್ತೆ. ಕೆಳಗಿನದು ಮೊದಲ ದೇಶ, ಮೇಲಿನದು ಎರಡನೆಯದು. ಭೂತಗನ್ನಡಿ ಹಿಡಿದು ಒಂದೊಂದೇ ಪದರ ನೋಡುತ್ತಾ ಹೋದರೆ ಕಾಗದ ನಡೆದ ದಾರಿ ಅದೇ ಕ್ರಮದಲ್ಲಿ ತೆರೆದುಕೊಳ್ಳುತ್ತೆ. ಕಂಡದ್ದನ್ನು ಆಗಲೇ ನೋಟ್ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದುಕೊಳ್ಳಿ. ತಾರೀಖುಗಳು ಅದೇ ಕ್ರಮದಲ್ಲಿ ಏರುತ್ತಿವೆಯಾ ಅಂತಲೂ ನೋಡಿ.

ತಾರೀಖಿನ ಬಗ್ಗೆ ಒಂದು ಎಚ್ಚರಿಕೆ. ಮೊದಲ ಮಹಾಯುದ್ಧದ ರಷ್ಯಾದ ಕವರಿನಲ್ಲಿ ಹೊರಟ ದಿನಕ್ಕೂ ತಲುಪಿದ ದಿನಕ್ಕೂ ಲೆಕ್ಕ ಕೂಡದಿದ್ದರೆ ಹೆದರಬೇಡಿ. ರಷ್ಯಾದಲ್ಲಿ ಆಗ ಹಳೇ ಪಂಚಾಂಗ. ನಾವು ಬಳಸುವ ಕ್ಯಾಲೆಂಡರಿಗಿಂತ 13 ದಿನ ಹಿಂದೆ ಇರುತ್ತಿತ್ತು.

ಹಂತ 4: ತೆರೆದವರು ಯಾರು?

ಚೀಟಿಯ ಮೇಲಿನ ಮಾತೇ ಮುಖ್ಯ ಸುಳಿವು. ಎರಡನೇ ಮಹಾಯುದ್ಧದ ಬ್ರಿಟಿಷ್ ಚೀಟಿಗಳಲ್ಲಿ ‘ಓಪನ್ಡ್ ಬೈ ಎಕ್ಸಾಮಿನರ್’ ಅಂತ ಇದ್ದು, ಮುಂದೆ ಒಂದು ನಂಬರು ಇರುತ್ತೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಪಿ.ಸಿ. 90’ ಅಂತ ಕಾಣಬಹುದು. ಅದು ಆ ಫಾರಂನ ನಂಬರು. ಯುದ್ಧ ಶುರುವಾದ ಹೊಸತರಲ್ಲಿ ‘ಪಿ.ಸಿ. 66’ ಇತ್ತು, ಅದರಲ್ಲಿ ‘ಓಪನ್ಡ್ ಬೈ ಸೆನ್ಸರ್’ ಅನ್ನುವ ಮಾತಿತ್ತು. ಭಾರತದಲ್ಲಿ ಬಳಸಿದ ಚೀಟಿಗಳೂ ಇದೇ ಜಾಡಿನವು. ಎಕ್ಸಾಮಿನರ್ ಪಕ್ಕದ ನಂಬರು ಆ ಮೇಜಿನಲ್ಲಿ ಕೂತು ಓದಿದ ವ್ಯಕ್ತಿಯದು. ಹೆಸರಿಲ್ಲ, ಆದರೆ ಒಬ್ಬ ಮನುಷ್ಯನ ಗುರುತು.

ಅಮೆರಿಕದ ಚೀಟಿಯಲ್ಲಿ ‘ಎಕ್ಸಾಮಿನ್ಡ್ ಬೈ’ ಅಂತಿರುತ್ತೆ. ಅಲ್ಲಿನ ಸೆನ್ಸರ್ ಕಚೇರಿ ಶುರುವಾದದ್ದು 1941ರ ಡಿಸೆಂಬರ್ 19ಕ್ಕೆ, ಪರ್ಲ್ ಹಾರ್ಬರ್ ದಾಳಿಯಾಗಿ ಎರಡು ವಾರದೊಳಗೆ. ಜರ್ಮನಿಯ ಚೀಟಿಯಲ್ಲಿ ‘ಗೆಯೋಫ್ನೆಟ್’, ಅಂದರೆ ‘ತೆರೆಯಲಾಗಿದೆ’ ಅನ್ನುವ ಮಾತು, ಜತೆಗೆ ಹದ್ದಿನ ಮುದ್ರೆ. ಅವರ ಚೀಟಿ ಮತ್ತು ಸೀಲುಗಳಲ್ಲಿ ಒಂದು ಸಣ್ಣ ಇಂಗ್ಲಿಷ್ ಅಕ್ಷರ ಹುಡುಕಿ. ಅದು ಸೆನ್ಸರ್ ಕಚೇರಿಯ ಊರು. ‘ಬಿ’ ಅಂದರೆ ಬರ್ಲಿನ್, ‘ಸಿ’ ಕೊಲೋನ್, ‘ಡಿ’ ಮ್ಯೂನಿಕ್, ‘ಇ’ ಫ್ರಾಂಕ್‌ಫರ್ಟ್, ‘ಎಫ್’ ಹ್ಯಾಂಬರ್ಗ್, ‘ಜಿ’ ವಿಯೆನ್ನಾ. ಮೊಹರಿನಲ್ಲಿ ಊರನ್ನು ಮುಚ್ಚಿದವರು ಸೆನ್ಸರಿನ ಗುರುತಿನಲ್ಲಿ ತಮ್ಮ ಊರನ್ನು ಒಂದೇ ಅಕ್ಷರದಲ್ಲಿ ಬಿಟ್ಟುಹೋಗಿದ್ದಾರೆ.

ವಿಳಾಸವನ್ನೂ ಗಮನಿಸಿ. ಶತ್ರು ದೇಶಕ್ಕೆ ನೇರವಾಗಿ ಕಾಗದ ಹಾಕುವ ಹಾಗಿರಲಿಲ್ಲ. ಬ್ರಿಟನ್ನಿನವರು ಥಾಮಸ್ ಕುಕ್ ಕಂಪನಿಯ ಮೂಲಕ ಬರೆಯಬಹುದಿತ್ತು. ಉತ್ತರ ಬರುತ್ತಿದ್ದದ್ದು ಯುದ್ಧದಲ್ಲಿ ಸೇರದ ಪೋರ್ಚುಗಲ್ಲಿನ ಲಿಸ್ಬನ್ನಿಗೆ, ಪೋಸ್ಟ್ ಬಾಕ್ಸ್ 506ಕ್ಕೆ. ಕವರಿನ ಮೇಲೆ ಈ ಬಾಕ್ಸ್ ನಂಬರು ಕಂಡರೆ ಜೋಪಾನ ಮಾಡಿ. ಗಡಿಯ ಆಚೆ ಈಚೆ ಸಿಕ್ಕಿಕೊಂಡ ಯಾವುದೋ ಸಂಸಾರದ ಕಾಗದ ಅದು.

ಸ್ಟಾಂಪ್ ಸಂಗ್ರಾಹಕರಿಗೂ ಆಗ ಕಷ್ಟ ತಪ್ಪಲಿಲ್ಲ. ಸ್ಟಾಂಪಿನ ಕೆಳಗೆ ಸಂದೇಶ ಬರೆಯಬಹುದು, ಸ್ಟಾಂಪು ಜೋಡಿಸಿದ ಕ್ರಮದಲ್ಲೇ ಗುಟ್ಟು ಅಡಗಿಸಬಹುದು ಅನ್ನುವ ಅನುಮಾನ. ಹಾಗಾಗಿ ಬ್ರಿಟನ್ನಿನಿಂದ ಹೊರದೇಶಕ್ಕೆ ಸ್ಟಾಂಪು ಕಳಿಸಲು ಪರವಾನಗಿ ಬೇಕಿತ್ತು. ಅಮೆರಿಕದ ಸೆನ್ಸರಿನವರು ಅಂಚೆಯಲ್ಲಿ ಚದುರಂಗ ಆಡುವವರ ನಡೆಗಳನ್ನೂ ಪದಬಂಧಗಳನ್ನೂ ತಡೆದರು. ಇಂಥ ಪರವಾನಗಿ ಚೀಟಿ ಇರುವ ಕವರ್ ಸಿಕ್ಕರೆ ಅದು ನಮ್ಮ ಹವ್ಯಾಸದ್ದೇ ಚರಿತ್ರೆ.

ಹಂತ 5: ಸೈನಿಕರ ಕವರ್ ಆದರೆ

ನಾಗರಿಕರ ಕಾಗದವನ್ನು ಸರ್ಕಾರದ ಕಚೇರಿ ಓದುತ್ತಿತ್ತು. ಸೈನಿಕನ ಕಾಗದವನ್ನು ಮೊದಲು ಓದುತ್ತಿದ್ದವರು ಅವನದೇ ಪಡೆಯ ಅಧಿಕಾರಿ. ಓದಿ ಕವರಿನ ಕೆಳಮೂಲೆಯಲ್ಲಿ ಸಹಿ ಹಾಕುತ್ತಿದ್ದರು, ಪಕ್ಕದಲ್ಲಿ ಸೆನ್ಸರ್ ಸ್ಟಾಂಪು ಬೀಳುತ್ತಿತ್ತು. ಹಾಗಾಗಿ ಆ ಸಹಿಯನ್ನು ಬರೆದವನದು ಅಂದುಕೊಳ್ಳಬೇಡಿ. ಆದರೆ ಬರೆದವರೇ ಅಧಿಕಾರಿಯಾಗಿದ್ದರೆ ಕಥೆ ಬೇರೆ. ಅವರ ಕಾಗದಕ್ಕೆ ಅವರೇ ಮಾತು ಕೊಟ್ಟು ಸಹಿ ಹಾಕಿ ಕಳಿಸಬಹುದಿತ್ತು. ವಿಳಾಸದ ಕೈಬರಹವನ್ನೂ ಸಹಿಯ ಕೈಬರಹವನ್ನೂ ಹೋಲಿಸಿ ನೋಡಿ, ಗೊತ್ತಾಗುತ್ತೆ.

ಬ್ರಿಟಿಷ್ ಸೇನೆಯಲ್ಲಿ ಹಸಿರು ಲಕೋಟೆ ಅಂತ ಒಂದಿತ್ತು, ಮೊದಲ ಮಹಾಯುದ್ಧದ ಕಾಲದಿಂದ. ತನ್ನ ಪಡೆಯ ಅಧಿಕಾರಿ ತನ್ನ ಹೆಂಡತಿಗೆ ಬರೆದದ್ದನ್ನು ಓದುವುದು ಯಾರಿಗೆ ತಾನೇ ಇಷ್ಟ? ಹಸಿರು ಲಕೋಟೆಯ ಮುಂಭಾಗದಲ್ಲಿ, ಒಳಗೆ ಮನೆಯ ಸಂಗತಿ ಬಿಟ್ಟು ಬೇರೇನೂ ಇಲ್ಲ ಎಂದು ಪ್ರಮಾಣ ಮಾಡುವ ಸಾಲು ಅಚ್ಚಾಗಿರುತ್ತೆ. ಅದಕ್ಕೆ ಸಹಿ ಹಾಕಿದರೆ ಪಡೆಯಲ್ಲಿ ಯಾರೂ ತೆರೆಯುತ್ತಿರಲಿಲ್ಲ. ತೆರೆಯುವುದಿದ್ದರೆ ಯುದ್ಧರಂಗದ ಹಿಂದಿನ ನೆಲೆಯಲ್ಲಿ, ಗುರುತು ಪರಿಚಯವಿಲ್ಲದವರು.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸೈನಿಕರ ಕಾಗದಗಳ ಸೆನ್ಸರ್ ಕಚೇರಿ ಬುಲೋನ್‌ನಲ್ಲಿತ್ತು. ಇ. ಬಿ. ಹೋವೆಲ್ ಎಂಬ ಅಧಿಕಾರಿ ಅದರ ಮುಖ್ಯಸ್ಥರು. ಕಾಗದಗಳಿಂದ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ವರದಿ ಮಾಡುತ್ತಿದ್ದರು. ಆ ವರದಿಗಳು ಬ್ರಿಟಿಷ್ ಲೈಬ್ರರಿಯಲ್ಲಿ ಇವತ್ತಿಗೂ ಇವೆ. ಸೈನಿಕರೂ ಜಾಣರು. ಕರಿಮೆಣಸು ಮುಗಿಯುತ್ತಾ ಬಂತು, ಈಗ ಕೆಂಪು ಮೆಣಸು ಖರ್ಚಾಗುತ್ತಿದೆ ಅನ್ನುವ ಧಾಟಿಯಲ್ಲಿ ಬರೆಯುತ್ತಿದ್ದರು. ಕರಿಮೆಣಸು ಅಂದರೆ ಭಾರತೀಯರು, ಕೆಂಪು ಮೆಣಸು ಅಂದರೆ ಬಿಳಿಯ ಸೈನಿಕರು. ಮನೆಯವರಿಗೆ ಅರ್ಥವಾಗುತ್ತಿತ್ತು. ಸೆನ್ಸರಿನವರಿಗೂ ಅರ್ಥವಾಯಿತು, ಅದಕ್ಕೇ ಇವತ್ತು ನಮಗೆ ಗೊತ್ತು.

ಆ ಕಾಲದ ಭಾರತೀಯ ಪಡೆಯ ಕವರಿನಲ್ಲಿ ಐದನೇ ಜಾರ್ಜ್ ಸ್ಟಾಂಪಿನ ಮೇಲೆ ‘ಐ.ಇ.ಎಫ್.’ ಎಂಬ ಮೂರಕ್ಷರ ಅಚ್ಚಾಗಿದ್ದರೆ, ಅದು 1914ರಲ್ಲಿ ಹೊರದೇಶಕ್ಕೆ ಹೋದ ಪಡೆಗೆಂದು ಹೊರಡಿಸಿದ್ದು. ಮೈಸೂರು ಲ್ಯಾನ್ಸರ್ಸ್ ಈಜಿಪ್ಟ್ ಕಡೆಗೆ ಹೋದದ್ದೂ ಅದೇ ಯುದ್ಧದಲ್ಲಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದ ಕುದುರೆ ಪಡೆಯಲ್ಲಿ ಅವರಿದ್ದರು. ಮೈಸೂರು, ಬೆಂಗಳೂರಿನ ಹಳೇ ಮನೆಗಳಲ್ಲಿ ಆ ಕಡೆಯಿಂದ ಬಂದ ಒಂದು ಕವರ್ ಸಿಕ್ಕರೂ ನನ್ನ ಪಾಲಿಗೆ ಅದು ಹಬ್ಬ.

ಸ್ಟಾಂಪೇ ಇಲ್ಲದ ಕವರ್ ಅಂತ ಬಿಸಾಡಬೇಡಿ. ಯುದ್ಧಕೈದಿಗಳ ಟಪಾಲಿಗೆ 1929ರ ಜಿನೀವಾ ಒಪ್ಪಂದದ ಪ್ರಕಾರ ಅಂಚೆ ಖರ್ಚಿಲ್ಲ. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಜಾಲಹಳ್ಳಿಯ ಕಡೆ ಇಟಲಿಯ ಕೈದಿಗಳ ಶಿಬಿರಗಳಿದ್ದವು. ಅಲ್ಲಿಂದ ಮನೆಗೆ ಹೋದ ಕಾರ್ಡುಗಳಲ್ಲಿ ಸ್ಟಾಂಪಿನ ಜಾಗ ಖಾಲಿ. ಶಿಬಿರದ ನಂಬರು, ಸೆನ್ಸರ್ ಸೀಲು ಮಾತ್ರ. ಸ್ಟಾಂಪನ್ನಷ್ಟೇ ನೋಡುವವರಿಗೆ ಇದು ರದ್ದಿ. ನಮ್ಮ ಊರಿನ ಚರಿತ್ರೆ ನೋಡುವವರಿಗೆ ಇದಕ್ಕಿಂತ ಹತ್ತಿರದ್ದು ಯಾವುದಿದೆ? 1971ರ ಯುದ್ಧದ ನಂತರ ಭಾರತದಲ್ಲಿದ್ದ ಸುಮಾರು 93,000 ಪಾಕಿಸ್ತಾನಿ ಕೈದಿಗಳ ಟಪಾಲನ್ನೂ ಹೀಗೇ ಶಿಬಿರದ ನಂಬರು ನೋಡಿ ಓದಬೇಕು.

ಹಂತ 6: ನಂಬರಿನಿಂದ ಊರಿಗೆ

ಇಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ನಂಬರು ಸಿಕ್ಕಿತು, ಪಟ್ಟಿಯಲ್ಲಿ ಊರು ಸಿಕ್ಕಿತು, ಬರೆದು ಮುಗಿಸಿದರು. ನಂಬರು ಊರಿನದಲ್ಲ, ಓಡಾಡುವ ಕಚೇರಿಯದು. ಪಡೆ ಹೋದಲ್ಲಿಗೆ ಅದೂ ಹೋಗುತ್ತೆ. ಭಾರತದ 4ನೇ ಡಿವಿಷನ್ನನ್ನೇ ನೋಡಿ. 1941ರ ಮಾರ್ಚಿನಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ, 1943ರಲ್ಲಿ ಟುನೀಶಿಯಾದಲ್ಲಿ, 1944ರ ಫೆಬ್ರವರಿ-ಮಾರ್ಚಿನಲ್ಲಿ ಇಟಲಿಯ ಕಸಿನೊದಲ್ಲಿ, ಆ ವರ್ಷದ ಕೊನೆಗೆ ಗ್ರೀಸಿನಲ್ಲಿ. 5ನೇ ಡಿವಿಷನ್ ಎರಿಟ್ರಿಯಾದಲ್ಲಿದ್ದು, ಮರುಭೂಮಿ ದಾಟಿ, ಇರಾಕ್ ನೋಡಿ, 1944ರಲ್ಲಿ ಅರಾಕಾನ್ ಮತ್ತು ಇಂಫಾಲದಲ್ಲಿ ಹೋರಾಡಿ, 1945ರ ಕೊನೆಗೆ ಜಾವಾದಲ್ಲಿತ್ತು. ಹಾಗಾಗಿ ನಂಬರು ಮತ್ತು ತಾರೀಖು ಎರಡನ್ನೂ ಒಟ್ಟಿಗೆ ಹಿಡಿಯಬೇಕು. ತಾರೀಖು ಅರ್ಧ ಅಳಿಸಿದ್ದರೆ ತಲುಪಿದ ಊರಿನ ಮೊಹರಿನಿಂದ ವರ್ಷ ಹುಡುಕಿ.

ಎಫ್.ಪಿ.ಒ. ನಂಬರುಗಳು ಯಾವಾಗ ಎಲ್ಲಿದ್ದವು ಅನ್ನುವ ಪಟ್ಟಿಗಳನ್ನು ಸಂಗ್ರಾಹಕರು ವರ್ಷಗಟ್ಟಲೆ ಕೂತು ಮಾಡಿದ್ದಾರೆ. ಇಂಡಿಯಾ ಸ್ಟಡಿ ಸರ್ಕಲ್, ಸಿವಿಲ್ ಸೆನ್ಸಾರ್‌ಶಿಪ್ ಸ್ಟಡಿ ಗ್ರೂಪ್‌ನಂಥ ಸಂಘಗಳು ಇದಕ್ಕೆಂದೇ ಇವೆ. ಬೆಂಗಳೂರಿನಲ್ಲಿ ಇರುವವರು ಜಿ.ಪಿ.ಒ.ದ ಫಿಲಾಟೆಲಿ ಬ್ಯೂರೊಗೆ ಹೋಗಿ ಬನ್ನಿ, ಕರ್ನಾಪೆಕ್ಸ್ ಸ್ಟಾಂಪ್ ಪ್ರದರ್ಶನ ನಡೆದಾಗ ಒಂದು ದಿನ ಇಡೀ ಅಲ್ಲೇ ಕಳೆಯಿರಿ. ಹಿರಿಯ ಸಂಗ್ರಾಹಕರು ಕೇಳಿದ್ದಕ್ಕೆ ಬೇಸರವಿಲ್ಲದೆ ಹೇಳಿಕೊಡುತ್ತಾರೆ. ನಾನು ಕಲಿತದ್ದು ಬಹುಪಾಲು ಹಾಗೆಯೇ.

ತಲುಪಿದ ಊರಿನ ಮೊಹರಿನಲ್ಲಿ ಇಂಗ್ಲಿಷರ ಕಾಲದ ಕಾಗುಣಿತ ಇರುತ್ತೆ ಅನ್ನುವುದು ನೆನಪಿರಲಿ. ಮಡಿಕೇರಿ ಅಲ್ಲಿ ‘ಮರ್ಕೆರಾ’, ಬೆಳಗಾವಿ ‘ಬೆಲ್ಗಾಂ’. ರಷ್ಯಾದ ಮೂಕ ಮೊಹರಿಗಾದರೆ ನಂಬರೂ ಇಲ್ಲ. ಅಲ್ಲಿ ಕಳಿಸಿದವರ ವಿಳಾಸ, ರಿಜಿಸ್ಟರ್ ಚೀಟಿಯ ಮೇಲಿನ ಊರು, ಒಳಗಿನ ಕಾಗದದ ತಲೆಬರಹ ಇವೇ ದಾರಿ.

ಹಂತ 7: ದರ ಕೂಡಿಸಿ

ಸ್ಟಾಂಪುಗಳ ಒಟ್ಟು ಬೆಲೆ ಆ ದಿನದ ಅಂಚೆ ದರಕ್ಕೆ ಹೊಂದುತ್ತಾ ನೋಡಿ. 12 ಪೈ ಒಂದು ಆಣೆ, 16 ಆಣೆ ಒಂದು ರೂಪಾಯಿ. ಯುದ್ಧದ ನಡುವೆ ದರ ಏರಿದ್ದರಿಂದ ವರ್ಷ ನೋಡಿಯೇ ಲೆಕ್ಕ ಮಾಡಬೇಕು. ದರ ಹೊಂದದಿದ್ದರೆ ತೂಕ ಜಾಸ್ತಿ ಇದ್ದಿರಬಹುದು, ವಿಮಾನದಲ್ಲಿ ಹೋಗಿರಬಹುದು, ಅಥವಾ ಒಂದು ಸ್ಟಾಂಪು ಉದುರಿರಬಹುದು. ಕೆಲವೊಮ್ಮೆ ಮುಂದಿನ ಹಂತದ ಅನುಮಾನ ಇಲ್ಲಿಂದಲೇ ಶುರುವಾಗುತ್ತೆ.

ಹಂತ 8: ನಕಲಿ ಅಲ್ಲ ತಾನೇ?

ದುಡ್ಡು ಕೊಟ್ಟು ಕೊಳ್ಳುವುದಾದರೆ ಈ ಹಂತ ಬಿಡಲೇಬೇಡಿ. ಸಾಮಾನ್ಯ ಹಳೇ ಕವರಿಗೆ ಹೊಸದಾಗಿ ಸೆನ್ಸರ್ ಸೀಲು ಒತ್ತಿ ಬೆಲೆ ಏರಿಸುವವರಿದ್ದಾರೆ. ಒಮ್ಮೆ ಒಂದು ಕವರಿಗೆ ನಾನು ತೆತ್ತ ಬೆಲೆ ನೆನೆದರೆ ಈಗಲೂ ಬೇಜಾರಾಗುತ್ತೆ. ಮನೆಗೆ ಬಂದು ಟಾರ್ಚು ಹಿಡಿದಾಗ ಚೀಟಿಯ ಕೆಳಗೆ ಅಂಚು ಸೀಳೇ ಇರಲಿಲ್ಲ.

ಮೂರನೇ ಹಂತದಲ್ಲಿ ಹೇಳಿದ ಪದರಗಳ ಕ್ರಮವೇ ದೊಡ್ಡ ಪರೀಕ್ಷೆ. ತಲುಪಿದ ಊರಿನ ಮೊಹರು ಚೀಟಿಯ ಕೆಳಗೆ ಹೋಗಿದ್ದರೆ ಚೀಟಿ ಆಮೇಲೆ ಬಂದದ್ದು, ಅಂದರೆ ಏನೋ ಸರಿಯಿಲ್ಲ. ಇನ್ನೊಂದು ಸುಲಭದ ಪರೀಕ್ಷೆ ಖೋಟಾ ನೋಟು ಪತ್ತೆಗೆ ಬಳಸುವ ನೇರಳಾತೀತ (ಯು.ವಿ.) ಬೆಳಕಿನ ಸಣ್ಣ ಟಾರ್ಚು. ಕಾಗದವನ್ನು ಬೆಳ್ಳಗೆ ಹೊಳೆಸುವ ರಾಸಾಯನಿಕ ಎರಡನೇ ಮಹಾಯುದ್ಧದ ನಂತರವೇ ಬಳಕೆಗೆ ಬಂದದ್ದು. ಕತ್ತಲೆ ಕೋಣೆಯಲ್ಲಿ 1943ರ ಕವರೋ ಚೀಟಿಯೋ ನೀಲಿ ಬಿಳುಪಿನಿಂದ ಫಳಫಳ ಹೊಳೆದರೆ ದುಡ್ಡು ಕೊಡಬೇಡಿ. ಶಾಯಿಯನ್ನೂ ನೋಡಿ. ಹಳೇ ಶಾಯಿ ಕಾಗದದ ಎಳೆಯೊಳಗೆ ಇಳಿದಿರುತ್ತೆ. ಪ್ರಿಂಟರಿನಲ್ಲಿ ತೆಗೆದದ್ದಾದರೆ ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಬಣ್ಣದ ಚುಕ್ಕಿ ಕಾಣುತ್ತೆ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ವ್ಯಾಪಾರದ ಕಾಗದಗಳ ಮೇಲಿನ ಸಾಮಾನ್ಯ ಎಕ್ಸಾಮಿನರ್ ಚೀಟಿ ಧಾರಾಳವಾಗಿ ಸಿಗುತ್ತೆ, ಅದಕ್ಕೆ ಜಾಸ್ತಿ ಕೊಡಬೇಕಿಲ್ಲ. ಬರೆದವರು ಯಾರು, ದಾರಿ ಯಾವುದು, ಯಾಕೆ ತಡವಾಯಿತು ಅಂತ ತಿಳಿಸುವ ಕವರಿಗೆ ಕೊಡಿ. ‘ಸರ್ವಿಸ್ ಸಸ್ಪೆಂಡೆಡ್’ ಅಂತ ಸೀಲು ಬಿದ್ದು, ಮುಟ್ಟಬೇಕಾದವರಿಗೆ ಮುಟ್ಟದೆ ತಿರುಗಿ ಬಂದ ಒಂದು ಕವರ್ ಹತ್ತು ಸುಂದರ ಸ್ಟಾಂಪುಗಳಿಗಿಂತ ಹೆಚ್ಚು ಮಾತಾಡುತ್ತೆ.

ಹಂತ 9: ಜೋಪಾನ

ಕವರನ್ನು ಪಾಲಿಯೆಸ್ಟರ್ ಹಾಳೆಯ ಚೀಲದೊಳಗೆ ಇಡಿ. ಅಂಗಡಿಯಲ್ಲಿ ಸಿಗುವ ಮೆತ್ತನೆಯ ಪಿ.ವಿ.ಸಿ. ಹಾಳೆ ಬೇಡ, ಕಾಲ ಕಳೆದಂತೆ ಅಂಟಂಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತಿಂಗಳಿಗೊಮ್ಮೆ ತೆಗೆದು ನೋಡಿ. ಕವರ್ ಒಳಗೆ ಕಾಗದ ಇದ್ದು ಅದು ಬೇರೆ ಮನೆಯವರದಾದರೆ, ಆ ಮನೆಯವರು ಒಪ್ಪದೆ ಅದರ ಮಾತುಗಳನ್ನು ಎಲ್ಲೂ ಹಾಕಬೇಡಿ. ಒಂದು ಸಲ ಯಾರೋ ಅಪರಿಚಿತರು ಒಡೆದು ಓದಿದ ಕಾಗದ ಅದು. ಎರಡನೇ ಸಲ ನಾವು ಹಾಗೆ ಮಾಡುವುದು ಬೇಡ, ಅಲ್ವಾ?

ಹಂತ 10: ಬರೆದಿಡಿ

ಕಂಡುಹಿಡಿದದ್ದನ್ನು ಬರೆದಿಡದಿದ್ದರೆ ಮುಂದಿನವರು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕವರಿನ ಮೇಲೆ ಏನನ್ನೂ ಬರೆಯಬೇಡಿ, ಬೇರೆ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಎಲ್ಲಿಂದ, ಎಲ್ಲಿಗೆ, ಯಾವತ್ತು, ಯಾರು ತೆರೆದರು, ದರ ಎಷ್ಟು. ಖಚಿತವಾಗಿ ಕಂಡದ್ದನ್ನೂ ನೀವು ಊಹಿಸಿದ್ದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ಮಡಿಕೇರಿಯ ಆ ಕವರಿಗೆ ಈ ಎಲ್ಲ ಹಂತ ದಾಟಲು ನಮಗೆ ಮೂರು ಭಾನುವಾರ ಬೇಕಾಯಿತು. ವಿಳಾಸದ ಕೈಬರಹವೂ ಮೂಲೆಯ ಸಹಿಯೂ ಒಂದೇ, ಅಂದರೆ ಅಜ್ಜ ಅಧಿಕಾರಿ, ತಮ್ಮ ಕಾಗದಕ್ಕೆ ತಾವೇ ಸಹಿ ಹಾಕಿದ್ದರು. ಹಿಂಭಾಗದಲ್ಲಿ ‘ಮರ್ಕೆರಾ’ ಮೊಹರು, ಏಪ್ರಿಲ್ ತಿಂಗಳದು. ನಂಬರನ್ನು ತಾರೀಖಿನ ಜತೆ ಪಟ್ಟಿಯಲ್ಲಿ ಹುಡುಕಿದಾಗ ಆ ವಾರ ಆ ಅಂಚೆ ಕಚೇರಿ 4ನೇ ಡಿವಿಷನ್ನಿನ ಜತೆ ಇತ್ತು. ಬರ್ಮಾ ಅಲ್ಲವೇ ಅಲ್ಲ. ಕಾರ್ಡಿನ ಮೇಲೆ ನಾನು ಹೀಗೆ ಬರೆದೆ:

“ಎಫ್.ಪಿ.ಒ. ಮೊಹರು, 11 ಮಾರ್ಚ್ 1944. ಅಧಿಕಾರಿಯ ಸ್ವಂತ ಸಹಿ, ನೇರಳೆ ಸೆನ್ಸರ್ ಸ್ಟಾಂಪು. ಸ್ಟಾಂಪ್ ಹಚ್ಚಿಲ್ಲ, ಆನ್ ಆಕ್ಟಿವ್ ಸರ್ವಿಸ್. ಮಡಿಕೇರಿ ತಲುಪಿದ್ದು 15 ಏಪ್ರಿಲ್ 1944. ಕಳಿಸಿದ ಜಾಗ: ಇಟಲಿ, ಕಸಿನೊ ಸುತ್ತಮುತ್ತ.”

ಗೆಳೆಯರು ಅದನ್ನು ಎರಡು ಸಲ ಓದಿದರು. ಫೋನ್ ತೆಗೆದು ತಮ್ಮ ತಾಯಿಗೆ ಕರೆ ಮಾಡಿ, “ಅವ್ವಾ, ಅಜ್ಜ ಇಟಲಿಯಲ್ಲಿದ್ದರಂತೆ” ಅಂದರು.